ಗೌರಮ್ಮನಿಗೆ ಮೂಳೆ ಕಟ್ಟಿದ್ದು

“ಅತ್ತೆ, ಇವತ್ತು ಗೌರಮ್ಮಂಗೆ ಮೂಳೆ ಹಾಕ್ಬೇಕು” ಎಂದು ಸೊಸೆ ಕಾಫಿ ಲೋಟ ಕೆಳಗಿಡುತ್ತಾ ಹೇಳಿದಾಗ ನಾನು ದೇವರ ಮನೆಯಲ್ಲಿ ಬತ್ತಿ ಹೊಸೆಯುತ್ತಿದ್ದೆ. ಮೂಳೆ ಎಂಬ ಮಾತು ನಮ್ಮ ಮನೆಯಲ್ಲಿ ಅಷ್ಟು ಬೆಳಗ್ಗೆ ಯಾರ ಬಾಯಿಂದಲೂ ಬಂದದ್ದಿಲ್ಲ. ಅದರಲ್ಲೂ ದೇವರ ಮನೆಯ ಹೊಸ್ತಿಲ ಪಕ್ಕ ಕೂತು.

“ಬಿಡ್ತು ಅನ್ನು” ಎಂದೆ.

“ಬಿಡ್ತು” ಎಂದು ನಕ್ಕು ಅವಳು ಕಂಪ್ಯೂಟರ್ ಹಚ್ಚಿದಳು.

ಚಾಮರಾಜಪೇಟೆಯ ನಮ್ಮ ಮನೆ ರೈಲು ಡಬ್ಬಿಯ ಹಾಗೆ ಉದ್ದಕ್ಕಿದೆ. ದೇವರ ಮನೆಗೂ ಊಟದ ಮೇಜಿಗೂ ನಡುವೆ ಉಳಿದ ಜಾಗದಲ್ಲಿ ಸೊಸೆ ತನ್ನ ಮೇಜು ಹಾಕಿಕೊಂಡಿದ್ದಾಳೆ. ಅಲ್ಲಿ ಕೂತರೆ ಒಲೆಯ ಮೇಲಿನ ಹಾಲೂ ಕಾಣುತ್ತದೆ, ಆಡುವ ಮಗುವೂ ಕಾಣುತ್ತದೆ. ದೇವರು ಕೊಟ್ಟ ಜಾಗ ಅದು ಎಂದುಕೊಳ್ಳುತ್ತೇನೆ. ಇನ್ನೊಂದು ಮೊಳ ಕಡಿಮೆಯಿದ್ದಿದ್ದರೆ ಕುರ್ಚಿ ಹಿಡಿಯುತ್ತಿರಲಿಲ್ಲ.

ಮದುವೆಗೆ ಮುಂಚಿನಿಂದಲೂ ಅವಳು ಕಾರ್ಟೂನು ಮಾಡುವ ಕಡೆ ಕೆಲಸದಲ್ಲಿದ್ದಳು. ಮಗು ಹುಟ್ಟಿದ ಮೇಲೆ ಬಿಟ್ಟಳು. ಮಗು ನಡೆಯಲು ಕಲಿತ ಮೇಲೆ ಮತ್ತೆ ಹುಡುಕತೊಡಗಿದಾಗ ಹೋದ ಕಡೆಯೆಲ್ಲ ಅದೇ ಪ್ರಶ್ನೆ, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು. ಮಗು ಸಾಕುತ್ತಿದ್ದೆ ಎಂದರೆ ಅದು ಉತ್ತರವಲ್ಲವಂತೆ. ಕಡೆಗೆ ಮಕ್ಕಳಿಗಾಗಿ ಹಬ್ಬದ ಕಥೆಗಳನ್ನು ಮಾಡುವ ಒಂದು ಸಣ್ಣ ಕಂಪನಿಯವರು ಒಪ್ಪಿದರು. ಒಪ್ಪಿದ್ದು ಅವಳನ್ನಲ್ಲ, ಅವಳನ್ನು ಪರೀಕ್ಷೆ ಮಾಡುವುದಕ್ಕೆ. ಗೌರಿ ತವರಿಗೆ ಬರುವ ಕಥೆಗೆ ಒಂದು ಗೌರಿಯನ್ನು ಮಾಡಿ ಕಳಿಸಬೇಕು. ಅವಳು ನಡೆಯಬೇಕು, ಕೂರಬೇಕು, ಕೈಯೆತ್ತಿ ಹರಸಬೇಕು. ಅವರಿಗೆ ಹಿಡಿಸಿದರೆ ಮನೆಯಿಂದಲೇ ಕೆಲಸ, ಇಲ್ಲದಿದ್ದರೆ ಇಲ್ಲ.

“ಇದೂ ಹೋದ್ರೆ ನಾನಿನ್ನು ಹುಡುಕಲ್ಲ ಅತ್ತೆ” ಎಂದಿದ್ದಳು ಒಂದು ದಿನ, ಮಗುವಿನ ತಲೆ ಬಾಚುತ್ತಾ. ಅಳಲಿಲ್ಲ, ಕೊರಗಲಿಲ್ಲ. ಅಂಗಡಿಯಲ್ಲಿ ಕೊತ್ತಂಬರಿ ಸೊಪ್ಪು ಸಿಗಲಿಲ್ಲ ಎನ್ನುವ ಹಾಗೆ ಹೇಳಿದಳು. ಆ ಹಗುರವೇ ನನ್ನನ್ನು ಹೆದರಿಸಿತು.

ಗೌರಿಯ ಚಿತ್ರ ಬರೆದದ್ದು ನಾನು. ಗೌರಿ ಹಬ್ಬದಲ್ಲಿ ಮಣ್ಣಿನ ಮೂರ್ತಿಯ ಹಿಂದೆ ಗೋಡೆಗೆ ಅಂಟಿಸಲು ಪ್ರತಿ ವರ್ಷ ಒಂದು ಗೌರಿಯನ್ನು ಬರೆಯುವುದು ನನ್ನ ತವರಿನಿಂದ ಬಂದ ಪದ್ಧತಿ. ದೊಡ್ಡ ಕಲೆಯೇನಲ್ಲ. ನನ್ನ ತಾಯಿ ಬರೆಯುತ್ತಿದ್ದುದನ್ನು ನೋಡಿ ಕೈಗೆ ಬಂದದ್ದು. ಸೊಸೆ ಆ ಹಳೆಯ ಹಾಳೆಗಳನ್ನು ನೋಡಿ, “ಕಂಪ್ಯೂಟರಲ್ಲಿ ಬರೆದ ದೇವ್ರೆಲ್ಲ ಒಂದೇ ಅಚ್ಚು ಅತ್ತೆ. ನಿಮ್ಮ ಗೌರಮ್ಮ ನಮ್ಮ ಬೀದಿಯೋಳ ಥರ ಇದಾಳೆ. ನೀವೇ ಬರ್ಕೊಡಿ” ಎಂದಳು. ನನಗೆ ಸಂತೋಷವಾಯಿತು. ಅವೆನ್ಯೂ ರಸ್ತೆಗೆ ಹೋಗಿ ಒಳ್ಳೆಯ ದಪ್ಪ ಹಾಳೆ ತಂದೆ.

ಹಾಳೆ ಬಿಚ್ಚುವಾಗ ಅವಳು ಇನ್ನೊಂದು ಮಾತು ಸೇರಿಸಿದಳು. “ಕೈ ಬೇರೆ, ತೋಳು ಬೇರೆ, ಕಾಲು ಬೇರೆ, ತಲೆ ಬೇರೆ ಬರೀರಿ ಅತ್ತೆ. ಆಮೇಲೆ ಜೋಡಿಸ್ಕೋತೀನಿ.”

ನಾನು ಪ್ರಯತ್ನ ಮಾಡಿದೆ. ಹಾಳೆಯ ಮೂಲೆಗೆ ಕುಂಕುಮ ಇಟ್ಟು ಒಂದು ಕೈ ಬರೆದೆ. ಬರೀ ಕೈ, ಬಳೆಗಳ ಸಮೇತ, ಖಾಲಿ ಹಾಳೆಯ ಮಧ್ಯೆ. ನೋಡಿದರೆ ಕಡಿದಿಟ್ಟ ಹಾಗಿತ್ತು. ಆ ಹಾಳೆಯನ್ನು ಮಡಿಸಿಟ್ಟು, ಬೇರೆ ಹಾಳೆ ತೆಗೆದು, ಪಾದದಿಂದ ಕಿರೀಟದವರೆಗೆ ಇಡೀ ಗೌರಿಯನ್ನೇ ಬರೆದೆ. ಮುಗಿದ ಮೇಲೆ ಅಭ್ಯಾಸದಂತೆ ಒಂದು ಹೂವಿಟ್ಟು ಕೈಮುಗಿದು ಸೊಸೆಗೆ ಕೊಟ್ಟೆ. ಅವಳು ಹೂವನ್ನು ಪಕ್ಕಕ್ಕಿಟ್ಟು ಫೋಟೋ ತೆಗೆದು ಕಂಪ್ಯೂಟರಿಗೆ ಹಾಕಿಕೊಂಡಳು.

ಮೂಳೆ ಹಾಕಬೇಕೆಂದ ದಿನ ನನಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. “ಮೂಳೆ ಅಂದ್ರೆ ಬರೀ ಗೆರೆ ಅತ್ತೆ. ನೋಡೋರಿಗೆ ಕಾಣಲ್ಲ. ಅದನ್ನ ತಿರುಗಿಸಿದ್ರೆ ಅದಕ್ಕೆ ಕಟ್ಟಿರೋ ಚಿತ್ರ ತಿರುಗುತ್ತೆ. ಕಷ್ಟ ಇರೋದು ಚಿತ್ರಾನ ಮೂಳೆಗೆ ಕಟ್ಟೋದ್ರಲ್ಲಿ. ಮೂರು ಥರ ಕಟ್ಟಬಹುದು.”

ಒಂದು, ಚಿತ್ರವನ್ನು ತುಂಡು ಮಾಡಿ ಒಂದೊಂದು ತುಂಡನ್ನು ಒಂದೊಂದು ಮೂಳೆಗೆ ಕಟ್ಟುವುದು. ಮುಂಗೈ ತುಂಡು ಮುಂಗೈ ಮೂಳೆಗೆ, ತೋಳು ತೋಳಿನ ಮೂಳೆಗೆ. ಅಚ್ಚುಕಟ್ಟು, ಆದರೆ ಕೀಲಿನಲ್ಲಿ ಬಿರುಕು ಕಾಣುತ್ತದೆ. ಇನ್ನೊಂದು, ತುಂಡು ಮಾಡದೆ ಇಡೀ ಚಿತ್ರವನ್ನು ಎಲ್ಲ ಮೂಳೆಗೂ ಒಪ್ಪಿಸಿಬಿಡುವುದು. ಹತ್ತಿರದ್ದನ್ನು ಜಾಸ್ತಿ ಎಳೆಯುತ್ತದೆ, ದೂರದ್ದನ್ನು ಕಡಿಮೆ. ಚಪಾತಿ ಹಿಟ್ಟಿನ ಒಂದು ಅಂಚು ಎಳೆದರೆ ಆಚೆ ಅಂಚೂ ಸ್ವಲ್ಪ ಬರುವುದಿಲ್ಲವೇ, ಹಾಗೆ. ಕೊನೆಯದು, ಚಿತ್ರದ ಗೆರೆಗಳ ಉದ್ದಕ್ಕೂ ಕಂಪ್ಯೂಟರ್ ಇಟ್ಟುಕೊಂಡಿರುವ ಚುಕ್ಕಿಗಳಿಗೆ ಒಂದೊಂದಾಗಿ ನೀನು ಈ ಮೂಳೆಯ ಜೊತೆ ಹೋಗು, ನೀನು ಆ ಮೂಳೆಯ ಜೊತೆ ಹೋಗು ಎಂದು ಹೇಳುವುದು. ಹೂ ಕಟ್ಟಿದ ಹಾಗೆ, ಒಂದೊಂದಕ್ಕೂ ಒಂದು ಗಂಟು.

“ಅರ್ಥ ಆಯ್ತಾ ಅತ್ತೆ?”

“ಆಯ್ತು” ಎಂದೆ. ಚಪಾತಿ ಮತ್ತು ಹೂವು ಅರ್ಥವಾಗಿದ್ದವು.

ನಾನು ಇಡಿಯಾಗಿ ಬರೆದುಕೊಟ್ಟಿದ್ದರಿಂದ ಅವಳು ಮೊದಲು ಚಪಾತಿಯ ದಾರಿಯನ್ನೇ ಹಿಡಿದಳು. ಮೂಳೆಗಳನ್ನೆಲ್ಲ ಇಟ್ಟು ಮುಗಿಸಿ, “ಈಗ ಹರಸ್ತಾಳೆ ನೋಡಿ” ಎಂದು ಗೌರಿಯ ಬಲಗೈ ಮೇಲೆತ್ತಿದಳು. ನಾನು ಬರೆದ ಕೈ ಮೇಲೆದ್ದಿತು. ನನ್ನ ಕಣ್ಣು ತುಂಬಿ ಬರುವುದರಲ್ಲಿತ್ತು. ಅಷ್ಟರಲ್ಲಿ ಕೈಯ ಜೊತೆಗೆ ಗೌರಿಯ ಬಲಗೆನ್ನೆಯೂ ಎದ್ದಿತು. ತುಟಿ ಕಿವಿಯ ಕಡೆಗೆ ಎಳೆದುಕೊಂಡು ಹೋಯಿತು. ಮೂಗುತಿ ಕಣ್ಣಿನ ಹತ್ತಿರ ಬಂತು.

ಪೇಪರ್ ಓದುತ್ತಿದ್ದ ನಮ್ಮ ಮನೆಯವರು ಕನ್ನಡಕ ಸರಿಮಾಡಿಕೊಂಡು ನೋಡಿದರು. “ಏನೇ, ನಿನ್ನ ಗೌರಮ್ಮಂಗೆ ದವಡೆ ಹಲ್ಲು ನೋವು ಬಂದಿರೋ ಹಾಗಿದೆ.”

“ರೀ, ಸುಮ್ನಿರಿ. ದೇವರ ವಿಷಯ.”

“ನಾನೇನಂದೆ? ಲವಂಗ ಇಡು ಅಂದೆ.”

ಸೊಸೆ ಒಂದೊಂದು ಮೂಳೆಯ ಸುತ್ತ ಒಂದು ವೃತ್ತ ಇರುತ್ತದೆ, ಅಲ್ಲಿಯವರೆಗೆ ಮಾತ್ರ ಅದರ ಸೆಳೆತ, ಅದನ್ನು ಕಿರಿದು ಮಾಡುತ್ತೇನೆ ಎಂದಳು. ಮಾಡಿದಳು. ಕೆನ್ನೆ ತನ್ನ ಜಾಗಕ್ಕೆ ಬಂತು, ಆದರೆ ಮೊಳಕೈ ಹಿಂಡಿದ ಬಟ್ಟೆಯ ಹಾಗೆ ಸಣ್ಣಗಾಯಿತು. ವೃತ್ತ ಹಿಗ್ಗಿಸಿದರೆ ಮತ್ತೆ ಹಲ್ಲು ನೋವು. ಮಗುವಿಗೆ ಊಟ ಮಾಡಿಸುವ ಹೊತ್ತಾಗುವವರೆಗೂ ಹಿಗ್ಗಿಸಿದಳು, ಕುಗ್ಗಿಸಿದಳು.

ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು. “ಅತ್ತೆ, ಕತ್ತರಿಸ್ಲಾ?”

“ಬೇಡಮ್ಮ.”

“ಪೇಪರ್ ಮುಟ್ಟಲ್ಲ ಅತ್ತೆ. ಕಂಪ್ಯೂಟರ್ ಒಳಗೆ ಮಾತ್ರ.”

“ಒಳಗಿರೋಳೂ ಅವಳೇ ತಾನೆ? ಅಲ್ಲ ಅಂದ್ರೆ ನೀನ್ಯಾಕೆ ಚಪ್ಪಲಿ ಬಿಟ್ಟು ಕೂತ್ಕೋತೀಯ?”

ಮನೆಯಲ್ಲೂ ಚಪ್ಪಲಿ ಹಾಕುವ ಹುಡುಗಿ ಅವಳು. ಈ ಕೆಲಸ ಹಿಡಿದಾಗಿನಿಂದ ಮೇಜಿನ ಹತ್ತಿರ ಬರಿಗಾಲಲ್ಲಿ ಕೂರುತ್ತಿದ್ದುದನ್ನು ನಾನು ಕಂಡಿದ್ದೆ. ಅವಳು ಪಾದಗಳನ್ನು ಕುರ್ಚಿಯ ಕೆಳಗೆ ಎಳೆದುಕೊಂಡಳು. ಆ ಪರದೆಯ ಮೇಲಿರುವುದು ದೇವಿಯೋ, ಬೊಂಬೆಯೋ, ಬೆಳಕೋ ನನಗೆ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ಇಷ್ಟೇ. ನನ್ನ ತಾಯಿಯ ಮನೆಯಲ್ಲಿ ಒಮ್ಮೆ ಲಕ್ಷ್ಮಿಯ ಪಟದ ಗಾಜು ಒಡೆದಿತ್ತು. ಅಮ್ಮ ಕಾಫಿಯನ್ನೂ ಕುಡಿಯದೆ ಪಟವನ್ನು ಇಳಿಸಿ ಅರಳಿಕಟ್ಟೆಗೆ ಒಯ್ದು ಇಟ್ಟು ಬಂದಿದ್ದಳು. ಭಿನ್ನವಾದದ್ದಕ್ಕೆ ಪೂಜೆ ಸಲ್ಲದು. ಹಾಗಿದ್ದ ಮೇಲೆ ಪೂಜೆಗೆಂದೇ ಬರೆದದ್ದನ್ನು ನಾವೇ ಕೈಯಾರೆ ಭಿನ್ನ ಮಾಡುವುದು ಹೇಗೆ?

ಅವಳು ವಾದ ಮಾಡಲಿಲ್ಲ. ಮಾರನೆಯ ದಿನದಿಂದ ಚುಕ್ಕಿಗಳ ದಾರಿ ಹಿಡಿದಳು. ಕಿರೀಟದ ಚುಕ್ಕಿಗಳನ್ನು ತಲೆಯ ಮೂಳೆಗೆ, ಬಳೆಯ ಚುಕ್ಕಿಗಳನ್ನು ಮುಂಗೈ ಮೂಳೆಗೆ ಕಟ್ಟುತ್ತಾ ಕೂತಳು. ನನ್ನ ಗೆರೆಗಳು ನಡುಗುವ ಗೆರೆಗಳು. ಅದಕ್ಕೇ ಚುಕ್ಕಿಗಳು ಜಾಸ್ತಿಯಂತೆ. ಮಗು ಬಂದು ಸೆರಗು ಎಳೆದಾಗ ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡು ಒಂದೇ ಕೈಯಲ್ಲಿ ಕಟ್ಟಿದಳು. ಆಷಾಢ ಕಳೆದು ಶ್ರಾವಣ ಬಂದಿತ್ತು. ಕೊಡಬೇಕಾದ ದಿನ ಹತ್ತಿರವಾಗುತ್ತಿತ್ತು.

ಗೌರಿ ನಡೆಯುವುದನ್ನು ಅವಳು ಮೊದಲ ಸಲ ತೋರಿಸಿದಾಗ ಎಲ್ಲರೂ ಸುತ್ತ ನಿಂತೆವು. ಗೌರಿ ಒಂದು ಹೆಜ್ಜೆ ಇಟ್ಟಳು. ಎರಡನೆಯ ಹೆಜ್ಜೆಗೆ ಸೆರಗು ಹಿಂದಕ್ಕೆ ಉದ್ದವಾಗಿ ಚೂಪಾಗಿ ಎಳೆದುಕೊಂಡಿತು. ಬಾಗಿಲ ಮೊಳೆಗೆ ಸಿಕ್ಕಿಕೊಂಡ ಹಾಗೆ. ಸೆರಗಿನ ತುದಿಯ ಒಂದು ಚುಕ್ಕಿಯನ್ನು ಯಾವ ಮೂಳೆಗೂ ಕಟ್ಟದೆ ಮರೆತಿದ್ದಳಂತೆ. ಅದನ್ನು ಕಟ್ಟಿದಳು. ಆಗ ಸೊಂಟದ ಡಾಬಿನ ಒಂದು ಚುಕ್ಕಿ ಹಿಂದೆ ಉಳಿಯಿತು.

ಇನ್ನೊಂದು ದಿನ ನೆರಿಗೆಯ ತಕರಾರು ಬಂತು. “ಅತ್ತೆ, ನೀವು ನಡೆಯೋವಾಗ ನೆರಿಗೆ ಯಾವ ಕಾಲಿನ ಜೊತೆ ಹೋಗುತ್ತೆ? ಎಡಗಾಲಾ, ಬಲಗಾಲಾ?”

ಹುಟ್ಟಾ ಸೀರೆ ಉಟ್ಟವಳು ನಾನು, ಇದು ಗೊತ್ತಿರಬೇಕಿತ್ತು. ಗೊತ್ತಿರಲಿಲ್ಲ. ಎದ್ದು ನಡುಮನೆಯಲ್ಲಿ ತಲೆ ಬಗ್ಗಿಸಿಕೊಂಡು ಈ ಗೋಡೆಯಿಂದ ಆ ಗೋಡೆಗೆ ನಡೆದೆ. ತಿರುಗಿ ಬಂದೆ.

“ಏನೇ, ಏನ್ ಬೀಳಿಸ್ಕೊಂಡೆ? ಓಲೆ ತಿರುಪಾ?” ಎಂದರು ನಮ್ಮ ಮನೆಯವರು.

“ನೆರಿಗೆ ನೋಡ್ತಿದೀನಿ ರೀ.”

“ಇಷ್ಟು ವರ್ಷ ಆದ್ಮೇಲಾ?”

ನೋಡಲು ಹೋದರೆ ನಡಿಗೆಯೇ ಬೇರೆಯಾಗುತ್ತದೆ. ಕಡೆಗೆ ಧೈರ್ಯ ಮಾಡಿ “ಬಲಗಾಲು” ಎಂದೆ. ಸೊಸೆ ನಂಬಿ ನೆರಿಗೆಯ ಚುಕ್ಕಿಗಳನ್ನೆಲ್ಲ ಬಲಗಾಲಿಗೆ ಕಟ್ಟಿದಳು. ಗೌರಿ ಬಲಗಾಲು ಮುಂದಿಟ್ಟರೆ ನೆರಿಗೆಯೆಲ್ಲ ಬೀಸಣಿಗೆಯ ಹಾಗೆ ಒಂದು ಕಡೆಗೆ ಹಾರಿತು. ಅವಳು ಕಣ್ಣು ಉಜ್ಜಿಕೊಂಡು “ಪರ್ವಾಗಿಲ್ಲ ಅತ್ತೆ” ಎಂದಳು. ಅವಳು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಕತ್ತರಿಸು ಎಂದು ನಾನು ಒಂದು ಮಾತು ಹೇಳಿದ್ದರೆ ಈ ಪಾಡಿಲ್ಲ. ಹೇಳಲು ಬಾಯಿ ಬರುತ್ತಿರಲಿಲ್ಲ. ಅವಳು ಕೇಳದೆಯೇ ಕತ್ತರಿಸಿದ್ದರೂ ನನಗೆ ತಿಳಿಯುತ್ತಿರಲಿಲ್ಲ. ಆದರೂ ಅವಳು ಕೇಳಿದಳು, ನಾನು ಬೇಡವೆಂದೆ, ಅವಳು ಬಿಟ್ಟಳು. ಹೀಗಿರುವಾಗ ಒಬ್ಬರ ನಂಬಿಕೆ ಇನ್ನೊಬ್ಬರ ಕೆಲಸದ ಮೇಲೆ ಕೂತಿದ್ದರೆ ಯಾರು ಏಳಬೇಕು? ಸಂಜೆ ನಮ್ಮ ಬೀದಿಯ ದೇವಸ್ಥಾನಕ್ಕೆ ಹೋಗಿ ಅರ್ಚಕರನ್ನೇ ಕೇಳಿದೆ.

ಅವರು ತುಳಸಿ ಬಿಡಿಸುತ್ತಾ ಪೂರ್ತಿ ಕೇಳಿಸಿಕೊಂಡರು. “ಅಮ್ಮ, ದಿನಾ ಬೆಳಗ್ಗೆ ನಿಮ್ಮ ಫೋನಿಗೆ ಶುಭೋದಯ ಅಂತ ದೇವರ ಫೋಟೋ ಬರುತ್ತಲ್ಲ, ಅದನ್ನೇನ್ಮಾಡ್ತೀರಿ?”

“ಅಳಿಸ್ತೀನಿ. ಇಲ್ದಿದ್ರೆ ಫೋನ್ ತುಂಬ್ಹೋಗುತ್ತೆ.”

“ಹಾಗೇ ಅಳಿಸಿಬಿಡ್ತೀರಾ?”

“ಇಲ್ಲಪ್ಪ. ಕಣ್ಣಿಗೊತ್ತಿಕೊಂಡು ಅಳಿಸ್ತೀನಿ.”

“ಮತ್ತೆ? ಹಾಗೇ ಮಾಡಿ” ಎಂದು ತೀರ್ಥ ಕೊಟ್ಟರು. ಹಿಂದೆ ಜನ ನಿಂತಿದ್ದರು. ಮೆಟ್ಟಿಲಿಳಿದ ಮೇಲೆ, ಅವರು ಹೂಂ ಎಂದರೋ ಉಹೂಂ ಎಂದರೋ ಎಂದು ಬಹಳ ಹೊತ್ತು ಯೋಚಿಸಿದೆ. ತೀರ್ಥ ತಂಪಾಗಿತ್ತು, ಅಷ್ಟೇ ಗೊತ್ತು.

ವರಮಹಾಲಕ್ಷ್ಮಿ ಹಬ್ಬಕ್ಕೆ ಪೂಜೆಗಿಡುವ ಕರಿಮಣಿ, ಬಿಚ್ಚೋಲೆ ತರಲು ಮಾಮೂಲ್‌ಪೇಟೆಗೆ ಹೋದದ್ದು ಅದಾದ ಮೇಲೆ. ಪ್ರತಿ ವರ್ಷ ಹೋಗುವ ಗಲ್ಲಿ, ಪ್ರತಿ ವರ್ಷ ನೋಡುವ ಅಂಗಡಿಗಳು. ಈ ಸಲ ಮಾತ್ರ ಒಂದು ಅಂಗಡಿಯ ಮುಂದೆ ಕಾಲು ನಿಂತಿತು. ಮೇಲಿನ ಸಾಲಿನಲ್ಲಿ ಲಕ್ಷ್ಮಿಯ ಮುಖಗಳು ತೂಗುತ್ತಿದ್ದವು. ಅದರ ಕೆಳಗೆ ಬರೀ ಕೈಗಳು, ಜೋಡಿ ಜೋಡಿಯಾಗಿ ದಾರದಲ್ಲಿ. ಕೆಳಗಿನ ಬುಟ್ಟಿಯಲ್ಲಿ ಪಾದಗಳು.

“ಏನಮ್ಮಾ, ಕೈ ಬೇಕಾ, ಕಾಲು ಬೇಕಾ, ಪೂರ್ತಿ ಸೆಟ್ಟೇ ಬೇಕಾ?” ಎಂದ ಅಂಗಡಿಯವನು.

ಪಕ್ಕದಲ್ಲಿ ಒಬ್ಬಾಕೆ ಅವನ ಜೊತೆ ಜಗಳಕ್ಕೆ ನಿಂತಿದ್ದರು. “ಎಡಗೈ ಒಂದೇ ಕೊಡೀಪ್ಪಾ. ನಮ್ಮನೇದು ಎಲ್ಲೋ ಕಳ್ದೋಗಿದೆ.”

“ಒಂದೇ ಕೈ ಕೊಟ್ರೆ ಇನ್ನೊಂದನ್ನ ನಾನ್ ಹಾಕ್ಕೊಳ್ಳಾ ಅಮ್ಮಾ? ಜೋಡಿ ತಗೊಳ್ಳಿ.”

ನಮ್ಮ ಮನೆಯಲ್ಲೂ ಮಾಡುವುದು ಅದನ್ನೇ. ಕೊಡದ ಕುತ್ತಿಗೆಗೆ ಅಡ್ಡಡ್ಡ ಕೋಲು ಕಟ್ಟಿ, ಕೋಲಿನ ತುದಿಗೆ ಕೈ ಕಟ್ಟಿ, ಮೇಲೆ ಸೀರೆ ಉಡಿಸಿ, ತೆಂಗಿನಕಾಯಿಗೆ ಬೆಳ್ಳಿಯ ಮುಖ ಇಡುತ್ತೇವೆ. ಆ ಕೋಲನ್ನು ಮೂಳೆ ಎಂದು ನಾನು ಯಾವತ್ತೂ ಅಂದುಕೊಂಡಿರಲಿಲ್ಲ. ಭಿನ್ನ ಎಂದೂ ಅಂದುಕೊಂಡಿರಲಿಲ್ಲ. ಆದರೆ ಅಲ್ಲಿ ಬಿಡಿಯಾಗಿದ್ದದ್ದನ್ನು ಕೂಡಿಸುತ್ತೇವೆ, ಇಲ್ಲಿ ಕೂಡಿದ್ದದ್ದನ್ನು ಬಿಡಿಸಬೇಕು. ಎರಡೂ ಒಂದೇ ಹೇಗಾಗುತ್ತದೆ? ಆಗುವುದಿಲ್ಲ ಎನಿಸಿತು. ಮಾರ್ಕೆಟ್ ದಾಟಿ ಆಟೋ ಹತ್ತಿದಾಗ, ಯಾಕಾಗಬಾರದು ಎನಿಸಿತು. ಮನೆಗೆ ಬಂದು ನೋಡಿದರೆ ಬಿಚ್ಚೋಲೆ ತಂದಿದ್ದೆ, ಕರಿಮಣಿ ಮರೆತಿದ್ದೆ.

ಮಂಗಳವಾರ ಸೊಸೆಯ ಮಂಗಳಗೌರಿ ವ್ರತ. ಮದುವೆಯಾದ ಹೆಣ್ಣುಮಕ್ಕಳು ಮೊದಲ ಕೆಲವು ವರ್ಷ ಶ್ರಾವಣದ ಮಂಗಳವಾರಗಳಲ್ಲಿ ಮಾಡುವ ಪೂಜೆ. ನಾನು ಬಾಯಲ್ಲಿ ಮಂತ್ರ ಹೇಳುತ್ತೇನೆ, ಅವಳು ಮಾಡುತ್ತಾಳೆ. ಅಂಗಪೂಜೆ ಬಂತು. ದೇವಿಯ ಒಂದೊಂದು ಅಂಗವನ್ನೂ ಹೆಸರು ಹಿಡಿದು ಕರೆದು ಅಕ್ಷತೆ ಹಾಕುವುದು. ಪಾದೌ ಪೂಜಯಾಮಿ. ಅವಳು ಅಕ್ಷತೆ ಹಾಕಿದಳು. ಜಂಘೇ ಪೂಜಯಾಮಿ. ಜಾನುನೀ, ಊರೂ, ಕಟಿಂ. ಕಣಕಾಲು, ಮೊಳಕಾಲು, ತೊಡೆ, ಸೊಂಟ ಎಂದು ಕೆಳಗಿನಿಂದ ಮೇಲಕ್ಕೆ. ಕಣ್ಣು ಮುಚ್ಚಿಕೊಂಡು ಹೇಳುವಷ್ಟು ಬಾಯಿಪಾಠ. ಬಾಹೂ ಪೂಜಯಾಮಿ ಎಂದವಳು ಅಲ್ಲಿಗೇ ನಿಂತುಬಿಟ್ಟೆ. ಮುಂದಿನ ಮಾತು ಬರಲಿಲ್ಲ. ಮಾಮೂಲ್‌ಪೇಟೆಯಲ್ಲಿ ತೂಗುತ್ತಿದ್ದ ಕೈಗಳು, ಸೊಸೆಯ ಪರದೆಯ ಮೇಲಿನ ಕೈ, ನಾನು ಮಡಿಸಿಟ್ಟ ಹಾಳೆಯ ಒಂಟಿ ಕೈ, ಎಲ್ಲ ಒಟ್ಟಿಗೆ ಕಣ್ಣಿಗೆ ಬಂದವು.

“ಅತ್ತೆ, ಮುಂದೆ?” ಎಂದಳು, ಬೆರಳಲ್ಲಿ ಅಕ್ಷತೆ ಹಿಡಿದು.

“ತಾಳು.” ಹೇಗೋ ನೆನಪಾಯಿತು. ಮುಖ, ಕಣ್ಣು, ಶಿರಸ್ಸು ಮುಗಿಸಿ ಸರ್ವಾಂಗಾಣಿ ಪೂಜಯಾಮಿ ಎಂದೆ. ಅವಳು ಬೊಗಸೆ ತುಂಬ ಅಕ್ಷತೆ ಸುರಿದಳು. ಇಷ್ಟು ವರ್ಷ ನಾನೇ ದೇವಿಯನ್ನು ತುಂಡು ತುಂಡಾಗಿ ಕರೆದು ಕೊನೆಗೆ ಒಟ್ಟು ಮಾಡುತ್ತಾ ಬಂದಿದ್ದೇನೆ. ಇದಕ್ಕೆ ಶಾಸ್ತ್ರದಲ್ಲಿ ಏನು ಹೇಳಿದೆಯೋ ನನಗೆ ತಿಳಿಯದು. ಮಂಗಳಾರತಿ ಆದ ಮೇಲೆ ಹೇಳಿದೆ.

“ಕತ್ತರಿಸು. ಆದ್ರೆ ಮುಖ ಮುಟ್ಬೇಡ. ಮತ್ತೆ, ಮೂಳೆ ನಾನ್ ಹಾಕ್ತೀನಿ, ಪೂಜೆ ಕ್ರಮದಲ್ಲೇ.”

“ನೀವಾ?”

“ಯಾಕೆ, ನಂಗೆ ಕೈಯಿಲ್ವಾ?”

ಅವಳ ಮುಖ ಅರಳಿದ್ದನ್ನು ನೋಡಿ, ಇದನ್ನು ಮೊದಲೇ ಹೇಳಬಾರದಿತ್ತೇ ಎನಿಸಿತು. ಊಟವಾದ ಮೇಲೆ ಅವಳು ಕೈ, ತೋಳು, ಕಾಲುಗಳನ್ನು ಕತ್ತರಿಸುವಾಗ ನಾನು ಪರದೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಆಚೆ ತಿರುಗಿ ನಿಂತಿದ್ದೆ. “ಆಯ್ತು ಅತ್ತೆ” ಎಂದಾಗ ಹೆದರುತ್ತಲೇ ನೋಡಿದೆ. ಗೌರಿ ಮೊದಲಿನ ಹಾಗೇ ನಿಂತಿದ್ದಳು. ಎಲ್ಲಿ ಕತ್ತರಿಸಿದೆ ಎಂದು ಕೇಳಬೇಕಾಯಿತು.

ಮೌಸ್ ಹಿಡಿದು ಒತ್ತಿ ಎಳೆದರೆ ಒಂದು ಮೂಳೆ ಎಂದು ತೋರಿಸಿಕೊಟ್ಟಳು. ಅಷ್ಟರಲ್ಲಿ ಮಗು ಎದ್ದು ಅತ್ತಿತು. ಅವಳು ಹೋದಳು. ನಾನು ಒಬ್ಬಳೇ ಕೂತು, ಪಾದೌ ಎಂದುಕೊಂಡು ಬಲಪಾದಕ್ಕೆ ಒಂದು ಮೂಳೆ ಹಾಕಿದೆ. ಪಾದಗಳು ಎರಡಲ್ಲವೇ, ಎಡಪಾದಕ್ಕೂ ಹಾಕಿದೆ. ಜಂಘೇ ಎಂದು ಎರಡು ಕಣಕಾಲಿಗೆ. ಹೀಗೆ ಬಲ, ಎಡ, ಬಲ, ಎಡ ಎಂದು ತಪ್ಪದೆ ಮೇಲೇರಿ ಶಿರಸ್ಸಿನವರೆಗೆ ಬಂದೆ. ಕರೆಂಟು ಹೋಗದಿರಲಿ ತಾಯಿ ಎಂದು ಬೇಡಿಕೊಳ್ಳುತ್ತಿದ್ದೆ. ಹೋಗಲಿಲ್ಲ. ಅವಳ ಅನುಗ್ರಹ.

ಸೊಸೆ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಬಂದಳು. ಆ ತುಂಡುಗಳನ್ನೆಲ್ಲ ನನ್ನ ಮೂಳೆಗಳಿಗೆ ಕಟ್ಟಿದಳು. “ನೋಡೋಣ” ಎಂದು ಬಲಪಾದವನ್ನು ಸ್ವಲ್ಪ ತಿರುಗಿಸಿದಳು.

ಇಡೀ ಗೌರಿ ತಿರುಗಿಬಿಟ್ಟಳು. ಬಾಗಿಲು ತೆರೆದ ಹಾಗೆ ಎಡಪಾದ, ಕಾಲು, ಸೊಂಟ, ಕೈ ಎಲ್ಲ ಬಲಪಾದದ ಸುತ್ತ ವಾಲಿ, ಕೊನೆಗೆ ಕಿರೀಟ ನೆಲಕ್ಕೆ ಬಂತು.

“ಅಜ್ಜೀ, ಬಿದ್ದೋಯ್ತು!” ಎಂದು ಮಗು ಚಪ್ಪಾಳೆ ತಟ್ಟಿತು.

ನಾನು ಎರಡೂ ಕೆನ್ನೆ ಬಡಿದುಕೊಂಡು ತಪ್ಪಾಯ್ತು ತಪ್ಪಾಯ್ತು ಎಂದೆ. ಸೊಸೆ ಕುರ್ಚಿಯ ಬೆನ್ನು ಹಿಡಿದು ನಗುತ್ತಿದ್ದಳು. ತಿಂಗಳಿಂದ ಆ ನಗು ಕೇಳಿರಲಿಲ್ಲ.

“ಅತ್ತೆ, ನೀವು ಹಾಕಿದ ಒಂದೊಂದು ಮೂಳೆನೂ ಅದರ ಹಿಂದಿನ ಮೂಳೆಯ ಮಗು ಆಗಿಬಿಡುತ್ತೆ. ನೀವು ಬಲಪಾದದಿಂದ ಶುರು ಮಾಡಿದ್ರಿ. ಅದೇ ಎಲ್ಲರಿಗೂ ಅಮ್ಮ ಆಗ್ಹೋಗಿದೆ. ಪೂಜೆ ಪಾದದಿಂದ, ಇದು ಸೊಂಟದಿಂದ.”

“ಸೊಂಟದಿಂದ ಯಾಕೆ?”

“ಸೊಂಟ ಅಮ್ಮ. ಉಳಿದೋರೆಲ್ಲ ಮಕ್ಕಳು. ಅಮ್ಮ ಹೋದ ಕಡೆ ಮಕ್ಕಳು ಹೋಗ್ತಾರೆ. ಮಗು ಅಲ್ಲಾಡಿದ್ರೆ ಅಮ್ಮ ಅಲ್ಲಾಡಲ್ಲ.”

ಅವಳು ಹೇಳಿ ಮುಗಿಸುವಷ್ಟರಲ್ಲಿ ಕಂಕುಳಿನ ಮಗು ತುಳಸಿ ಗಿಡದ ಕಡೆ ಬೆರಳು ತೋರಿಸಿ ಜಗ್ಗಿತು. ಅವಳು ಅತ್ತ ಹೊರಟಳು. ನಮ್ಮ ಮನೆಯವರು ಪೇಪರಿನ ಹಿಂದಿನಿಂದ, “ಅದು ಕಂಪ್ಯೂಟರಲ್ಲಿ ಮಾತ್ರ ಇರ್ಬೇಕು” ಎಂದರು.

ನಾನು ಹಾಕಿದ ಮೂಳೆಗಳನ್ನು ಅವಳು ಅಳಿಸಲಿಲ್ಲ. ಯಾರು ಯಾರ ಮಗು ಎಂಬುದನ್ನು ಮಾತ್ರ ಬದಲಿಸಿದಳು. ಪಾದ, ಜಂಘೆ, ಜಾನು, ಕಟಿ, ಬಾಹು ಎಂದು ಪೂಜೆಯ ಹೆಸರುಗಳನ್ನೇ ಅವಕ್ಕೆ ಇಟ್ಟಳು. ಕೈಕಾಲುಗಳನ್ನು ತುಂಡುಗಳಾಗಿ ಕಟ್ಟಿದಳು. ಮೊಳಕೈಯಲ್ಲಿ ಬಿರುಕು ಕಂಡಾಗ “ರವಿಕೆ ತೋಳು ಉದ್ದ ಮಾಡಿ ಕೊಡಿ ಅತ್ತೆ, ಕೀಲು ಮುಚ್ಚುತ್ತೆ” ಎಂದಳು. ಮೊಳಕೈ ದಾಟುವ ತೋಳು ಬರೆದುಕೊಟ್ಟೆ. ಮುಖವನ್ನೂ ಮೈಯನ್ನೂ ಕತ್ತರಿಸದೆ ಸಣ್ಣ ವೃತ್ತದ ಮೂಳೆಗಳಿಗೆ ಒಪ್ಪಿಸಿದಳು. ಕೈ ಬೇರೆಯಾಗಿದ್ದರಿಂದ ಕೆನ್ನೆ ಈಗ ಅದರ ಜೊತೆ ಹೋಗಲಿಲ್ಲ. ಸೆರಗು ಮತ್ತು ನೆರಿಗೆಗೆ ಮಾತ್ರ ಚುಕ್ಕಿ ಚುಕ್ಕಿಯಾಗಿ ಗಂಟು ಹಾಕಿದಳು, ನೆರಿಗೆಯನ್ನು ಎರಡು ಕಾಲಿಗೂ ಹಂಚಿ.

“ಮೂರೂ ಥರ ಮಾಡಿದೀಯಲ್ಲೇ? ಮೊದ್ಲೇ ಹೀಗೇ ಮಾಡಬಹುದಿತ್ತು.”

“ಮಾಡಬಹುದಿತ್ತು. ನೀವು ಕೈ ಕತ್ತರಿಸೋಕಾದ್ರೂ ಬಿಡ್ಬೇಕಿತ್ತಲ್ಲ.”

ನಾನೆದ್ದು ಹೋಗಿ ಒಂದು ಲೋಟ ಕಾಫಿ ಮಾಡಿ ಕೊಟ್ಟೆ.

ಕಂಪನಿಗೆ ಕಳಿಸಿದ ಮೇಲೆ ಕೆಲವು ದಿನ ಅವಳ ಫೋನ್ ಯಾವಾಗ ಕೂಗಿದರೂ ಮನೆಯೆಲ್ಲ ಕಿವಿಯಾಗುತ್ತಿತ್ತು. ಗ್ಯಾಸಿನವನು, ಬ್ಯಾಂಕಿನವರು, ಅವಳ ತವರು. ಅವಳು ಮೇಜಿನ ಮೇಲೆ ಬಟ್ಟೆ ಮುಚ್ಚಿಬಿಟ್ಟಿದ್ದಳು. ನಾನು ದೀಪ ಹಚ್ಚುವಾಗ ಇನ್ನೇನನ್ನೂ ಕೇಳುತ್ತಿರಲಿಲ್ಲ. ಕೈಯೆತ್ತಿ ಹರಸುವುದನ್ನು ಅಷ್ಟು ಕಷ್ಟಪಟ್ಟು ಕಲಿಸಿದ್ದೇವೆ, ಒಂದು ಸಲ ಹರಸಮ್ಮ ಎನ್ನುತ್ತಿದ್ದೆ.

ಗೌರಿ ಹಬ್ಬಕ್ಕೆ ನಾನು ಆ ಇಡೀ ಚಿತ್ರವನ್ನೇ ಗೋಡೆಗೆ ಅಂಟಿಸಬೇಕೆಂದು ಅಂಟು ಕಲಸುತ್ತಿದ್ದಾಗ ಅವಳು ಮಹಡಿಯ ಮೇಲಿಂದ, ಒಣಗಿದ ಬಟ್ಟೆಯ ರಾಶಿಯನ್ನು ತಬ್ಬಿಕೊಂಡು, ಕಿವಿಗೂ ಭುಜಕ್ಕೂ ನಡುವೆ ಫೋನ್ ಸಿಕ್ಕಿಸಿಕೊಂಡು ಇಳಿದು ಬಂದಳು. ಹೂಂ ಸರ್, ಸರಿ ಸರ್ ಎನ್ನುತ್ತಿದ್ದಳು. ಫೋನಿಟ್ಟು ಬಟ್ಟೆಯನ್ನೆಲ್ಲ ನೆಲಕ್ಕೆ ಹಾಕಿ ನನ್ನನ್ನು ತಬ್ಬಿದಳು. ನನ್ನ ಕೈಯ ಅಂಟು ಅವಳ ಬೆನ್ನಿಗೆಲ್ಲ ಆಯಿತು.

“ನಡೆಯೋವಾಗ ಪಾದ ಸ್ವಲ್ಪ ಜಾರುತ್ತಂತೆ ಅತ್ತೆ, ಸರಿ ಮಾಡ್ಬೇಕಂತೆ. ಆದ್ರೆ ತಗೊಂಡ್ರು. ನನ್ನನ್ನೂ.”

ಪಾದ ಎಂದಾಗ ನಮ್ಮ ಮನೆಯವರು ನನ್ನ ಕಡೆ ನೋಡಿದರು. ನಾನು ನೋಡಲಿಲ್ಲ. ಚಿತ್ರವನ್ನು ಅಂಟಿಸಿ, ಮೂಲೆಗಳನ್ನು ಒತ್ತಿ, ದೂರ ನಿಂತು ನೋಡಿದೆ. ಗೋಡೆಯ ಮೇಲಿನ ಗೌರಿ ಇಡಿಯಾಗಿದ್ದಳು. ಸೊಸೆ ಮುಸುಕು ತೆಗೆದು ಹಚ್ಚಿದ ಪರದೆಯ ಮೇಲಿನ ಗೌರಿ ತುಂಡು ತುಂಡಾಗಿ ಕೈಯೆತ್ತಿದ್ದಳು. ಇಬ್ಬರ ಮುಖವೂ ಒಂದೇ. ನಮಸ್ಕಾರ ಯಾರಿಗೆ ಮೊದಲು ಎಂದು ತಿಳಿಯದೆ ಇಬ್ಬರ ನಡುವೆ ನಿಂತು ಒಂದೇ ಸಲ ಕೈಮುಗಿದೆ.

“ಅತ್ತೆ, ಮುಂದಿನದೂ ನೀವೇ ಬರೀಬೇಕಂತೆ. ಗಣಪ. ಗೌರಮ್ಮ ಅರಿಶಿನದಲ್ಲಿ ಮಗು ಮಾಡೋದರಿಂದ ಶುರು.”

“ಬಹಳ ಒಳ್ಳೇದು. ಬರೀತೀನಿ.”

“ಆದ್ರೆ ತಲೆ…” ಎಂದು ಅವಳು ತಡೆದಳು. “ತಲೆ ಮಾತ್ರ ಬೇರೆ ಬರೀಲೇಬೇಕು ಅತ್ತೆ. ಕಥೆನೇ ಹಾಗಿದೆ.”

ನಾನು ಹಬ್ಬದ ಕೆಲಸವನ್ನೆಲ್ಲ ಬಿಟ್ಟು ಅಲ್ಲೇ ಮಣೆಯ ಮೇಲೆ ಕೂತೆ. ಅವೆನ್ಯೂ ರಸ್ತೆಯಿಂದ ತಂದ ಹಾಳೆ ಇನ್ನೂ ಉಳಿದಿತ್ತು. ಮೂಲೆಗೆ ಕುಂಕುಮ ಇಟ್ಟೆ. ಪೆನ್ಸಿಲ್ ಚೂಪು ಮಾಡಿಕೊಂಡೆ.

“ಯಾವ ತಲೆ ಮೊದ್ಲು ಬರೀಲಿ?” ಎಂದು ಕೇಳಿದೆ.